ರೈಲಿನ ಬಾಗಿಲಿನಿಂದ ಬೀದಿಯವರೆಗೆ: ನೆಲದಡಿಯ ಮೆಟ್ರೋ ನಿಲ್ದಾಣ ಕಟ್ಟಿದ ನನ್ನ ಅನುಭವ

ನಮ್ಮ ನಿಲ್ದಾಣ ತೆರೆದ ದಿನ ನಾನು ಮೇಲಿನ ಸಮಾರಂಭದಲ್ಲಿ ಇರಲಿಲ್ಲ. ಕೆಳಗೆ ಪ್ಲಾಟ್‌ಫಾರ್ಮಿನಲ್ಲಿ, ಲಿಫ್ಟಿನ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಕೈಯಲ್ಲಿ ನಿಲ್ದಾಣದ ನಕ್ಷೆಯ ಪ್ರತಿ, ಒಂದು ಕೆಂಪು ಪೆನ್ನು. ರೈಲಿನಿಂದ ಇಳಿದವರು ಎಲ್ಲೆಲ್ಲಿ ಗಕ್ಕನೆ ನಿಲ್ಲುತ್ತಾರೋ ಅಲ್ಲೆಲ್ಲ ನಕ್ಷೆಯಲ್ಲಿ ಒಂದು ಚುಕ್ಕೆ ಇಡುತ್ತಿದ್ದೆ. ಇದನ್ನು ಮಾಡಿ ಅಂತ ಯಾರೂ ಹೇಳಿರಲಿಲ್ಲ. ಆದರೆ ಇಷ್ಟು ವರ್ಷ ಬರೆದದ್ದು, ಅಳಿಸಿದ್ದು, ವಾದ ಮಾಡಿದ್ದು ಸರಿಯೋ ತಪ್ಪೋ ಅಂತ ಆ ಚುಕ್ಕೆಗಳೇ ಹೇಳಬೇಕಿತ್ತು.

ನಾನು ಆರ್ಕಿಟೆಕ್ಟ್. ನೆಲದ ಮೇಲಿನ ಕಟ್ಟಡಗಳನ್ನು ಮಾಡಿಕೊಂಡಿದ್ದವಳು ಈ ಕೆಲಸಕ್ಕೆ ಬಂದಾಗ ಮೊದಲು ಕಳೆದುಕೊಂಡದ್ದು ಹೊರಗೋಡೆ. ಮನೆಗೆ ಮುಖ ಇರುತ್ತದೆ, ದೂರದಿಂದ ನೋಡಿ ಗುರುತು ಹಿಡಿಯಬಹುದು. ನೆಲದಡಿಯ ನಿಲ್ದಾಣಕ್ಕೆ ಮುಖವೇ ಇಲ್ಲ. ಕಿಟಕಿ ಇಲ್ಲ, ಬಿಸಿಲು ಬೀಳುವ ಕಡೆ ಇಲ್ಲ. ಒಳಗೆ ಹೋದ ಎರಡೇ ನಿಮಿಷಕ್ಕೆ ಉತ್ತರ ಯಾವುದು ದಕ್ಷಿಣ ಯಾವುದು ಅಂತ ಎಂಥವರಿಗೂ ಮರೆತುಹೋಗುತ್ತದೆ. ಮೆಟ್ಟಿಲು ಎರಡು ಸಲ ತಿರುಗಿತು ಅಂದರೆ ಮುಗಿಯಿತು. ಹಾಗಾಗಿ ಇಲ್ಲಿ ಆರ್ಕಿಟೆಕ್ಟ್ ಮಾಡಬೇಕಾದ ದೊಡ್ಡ ಕೆಲಸ ಚೆಂದದ ಗೋಡೆ ಅಲ್ಲ. ದಾರಿ.

ಶುರುವಿನಲ್ಲಿ ನಾನೂ ಎಲ್ಲರ ಹಾಗೇ ಬರೆಯುತ್ತಿದ್ದೆ. ರಸ್ತೆಯಿಂದ ಒಳಗೆ, ಟಿಕೆಟ್ ಹಾಲ್, ಗೇಟು, ಎಸ್ಕಲೇಟರ್, ಪ್ಲಾಟ್‌ಫಾರ್ಮ್, ರೈಲು. ಮೇಲಿನಿಂದ ಕೆಳಕ್ಕೆ. ಮೂರು ತಿಂಗಳು ಹೀಗೇ ಹೋಯಿತು. ಒಂದು ದಿನ ಜನರ ಓಡಾಟದ ಲೆಕ್ಕ ಹಾಕುವ ಸಹೋದ್ಯೋಗಿ ನನ್ನ ಮೇಜಿನ ಹತ್ತಿರ ಬಂದು ಒಂದು ಮಾತು ಹೇಳಿದರು. "ನೋಡಿ ಮೇಡಂ, ಒಳಗೆ ಬರುವವರು ಹನಿಹನಿಯಾಗಿ ಬರುತ್ತಾರೆ. ಹೊರಗೆ ಹೋಗುವವರು ಬಿಂದಿಗೆ ಬಗ್ಗಿಸಿದ ಹಾಗೆ ಬರುತ್ತಾರೆ."

ಅದು ನನಗೆ ಹೊಳೆದೇ ಇರಲಿಲ್ಲ. ರೈಲು ಹತ್ತುವವರು ಒಬ್ಬೊಬ್ಬರಾಗಿ, ತಮ್ಮ ಪಾಡಿಗೆ ಬಂದು ಸೇರುತ್ತಾರೆ. ಇಳಿಯುವಾಗ ಹಾಗಲ್ಲ. ಬಾಗಿಲು ತೆರೆದಿರುವುದೇ ಅರ್ಧ ನಿಮಿಷ. ಅಷ್ಟರಲ್ಲಿ ನೂರಾರು ಜನ ಪ್ಲಾಟ್‌ಫಾರ್ಮಿಗೆ ಬಂದು ಬೀಳುತ್ತಾರೆ, ಎಲ್ಲರಿಗೂ ಅದೇ ಕ್ಷಣ ಮೇಲೆ ಹೋಗಬೇಕು. ಒಂದು ಎಸ್ಕಲೇಟರ್ ನಿಮಿಷಕ್ಕೆ 100 ಜನರನ್ನು ಒಯ್ಯುತ್ತದೆ ಅಂತ ನಾವು ಹಿಡಿದಿದ್ದೆವು. 400 ಜನ ಇಳಿದರೆ ಅವರೆಲ್ಲ ಮೇಲೆ ಹೋಗಲು ನಾಲ್ಕು ನಿಮಿಷ. ಮುಂದಿನ ರೈಲು ಮೂರು ನಿಮಿಷಕ್ಕೇ ಬಂದರೆ? ಹಿಂದಿನವರು ಹೋಗುವ ಮೊದಲೇ ಮುಂದಿನವರು ಬಂದು ಸೇರುತ್ತಾರೆ. ಪ್ರತಿ ರೈಲಿಗೂ ಸ್ವಲ್ಪ ಸ್ವಲ್ಪ ಉಳಿಯುತ್ತಾ ಹೋಗಿ ಕೊನೆಗೆ ಪ್ಲಾಟ್‌ಫಾರ್ಮೇ ತುಂಬಿಬಿಡುತ್ತದೆ.

ಇನ್ನೂ ಒಂದು ವಿಷಯ ಇದೆ. ದಿನಾ ಹತ್ತುವವರಿಗೆ ತಮ್ಮ ಬೀದಿಯ ದ್ವಾರ ಗೊತ್ತೇ ಇರುತ್ತದೆ. ದಾರಿ ತಪ್ಪುವವರು ಯಾರು? ಬೇರೆ ಕಡೆಯಿಂದ ಇಲ್ಲಿಗೆ ಮೊದಲ ಸಲ ಬಂದವರು. ಅವರು ಈ ನಿಲ್ದಾಣವನ್ನು ಮೊದಲು ನೋಡುವುದು ರೈಲಿನ ಬಾಗಿಲಿನಿಂದ. ಬೆಂಕಿ ಬಿದ್ದರೆ ಎಲ್ಲರೂ ಹೋಗಬೇಕಾದದ್ದೂ ಕೆಳಗಿನಿಂದ ಮೇಲಕ್ಕೇ. ಯಾವ ಕಡೆಯಿಂದ ಯೋಚಿಸಿದರೂ ಕಷ್ಟದ ದಾರಿ ಅದೊಂದೇ. ಆ ವಾರವೇ ಹಳೇ ಹಾಳೆಗಳನ್ನು ಪಕ್ಕಕ್ಕಿಟ್ಟು, ರೈಲಿನ ಬಾಗಿಲಿನಿಂದ ಶುರು ಮಾಡಿ ಬೀದಿಯವರೆಗೆ ಮತ್ತೆ ಬರೆದೆ.

ಬರೆದದ್ದು ಹೀಗೆ. ಮೊದಲು ಬಾಗಿಲು ತೆರೆದಾಗ ಕಣ್ಣಿಗೆ ಏನು ಕಾಣುತ್ತದೆ ಅಂತ ಒಂದು ಚಿತ್ರ. ಅಲ್ಲಿಂದ ಹತ್ತು ಹೆಜ್ಜೆಗೆ ಇನ್ನೊಂದು. ದಾರಿ ಎರಡಾಗುವ ಪ್ರತಿ ಜಾಗಕ್ಕೂ ಮತ್ತೊಂದು. ಎಲ್ಲವೂ ನಿಂತವರ ಕಣ್ಣಿನ ಎತ್ತರದಿಂದ. ಗಾಲಿಕುರ್ಚಿಯಲ್ಲಿ ಕೂತವರ ಕಣ್ಣಿನ ಎತ್ತರದಿಂದ ಇನ್ನೊಂದು ಕಟ್ಟು ಬೇರೆ. ಪ್ರತಿ ಚಿತ್ರದ ಕೆಳಗೆ ಒಂದೇ ಪ್ರಶ್ನೆ: ಇಲ್ಲಿ ನಿಂತವರು ಈಗ ಏನು ತೀರ್ಮಾನಿಸಬೇಕು? ಒಂದು ಜಾಗದಲ್ಲಿ ಒಂದೇ ತೀರ್ಮಾನ ಇರಬೇಕು ಅಂತ ನಾನು ಹಟ ಹಿಡಿದೆ. ಪ್ಲಾಟ್‌ಫಾರ್ಮಿನಲ್ಲಿ ಇದ್ದಾಗ 'ಮೇಲೆ ಹೋಗುವುದು ಎಲ್ಲಿ' ಅನ್ನುವುದಷ್ಟೇ ಪ್ರಶ್ನೆ. ಯಾವ ಬೀದಿಯ ದ್ವಾರ ಅನ್ನುವುದು ಗೇಟು ದಾಟಿದ ಮೇಲೆ. ಎರಡನ್ನೂ ಒಂದೇ ಕಡೆ ಕೇಳಿದರೆ ಜನ ನಿಂತುಬಿಡುತ್ತಾರೆ. ಹಿಂದಿನವರು ಅವರ ಬೆನ್ನಿಗೆ ಬಂದು ಹಾಯುತ್ತಾರೆ.

ಈಗ ಒಂದು ಕಂಬದ ಕಥೆ ಹೇಳಬೇಕು. ಅದಕ್ಕೂ ಮುಂಚೆ ಇಂಥ ನಿಲ್ದಾಣ ಹೇಗೆ ಕಟ್ಟುತ್ತಾರೆ ಅಂತ ಸ್ವಲ್ಪ ಹೇಳದೆ ಆಗುವುದಿಲ್ಲ.

ನಮ್ಮದು ಮೇಲಿನಿಂದ ಕೆಳಕ್ಕೆ ಕಟ್ಟಿದ ಪೆಟ್ಟಿಗೆ. ಮೊದಲು ನಿಲ್ದಾಣದ ನಾಲ್ಕೂ ಸುತ್ತ ಕಿರಿದಾದ, ತುಂಬಾ ಆಳದ ಕಂದಕ ತೋಡುತ್ತಾರೆ. ಬದಿ ಕುಸಿಯದಿರಲಿ ಅಂತ ಅದರಲ್ಲಿ ಬೆಂಟೊನೈಟ್ ಅನ್ನುವ ಜೇಡಿಯ ಗಂಜಿ ತುಂಬಿರುತ್ತಾರೆ. ಆ ಗಂಜಿಯೊಳಗೇ ಕಂಬಿಯ ಪಂಜರ ಇಳಿಸಿ, ತಳದವರೆಗೆ ಹೋಗುವ ಕೊಳವೆಯಲ್ಲಿ ಕಾಂಕ್ರೀಟ್ ಬಿಡುತ್ತಾರೆ. ಕಾಂಕ್ರೀಟ್ ಕೆಳಗಿನಿಂದ ತುಂಬುತ್ತಾ ಬಂದಂತೆ ಗಂಜಿ ಮೇಲಕ್ಕೆ ಬರುತ್ತದೆ. ಹೀಗೆ ಮಣ್ಣಿನೊಳಗೇ ಗೋಡೆ ಎದ್ದಿರುತ್ತದೆ, ಒಂದು ಬುಟ್ಟಿ ಮಣ್ಣನ್ನೂ ಒಳಗಿನಿಂದ ತೆಗೆಯುವ ಮೊದಲು. ಆಮೇಲೆ ನಡುವಿನ ಕಂಬಗಳನ್ನೂ ಮೇಲಿನಿಂದಲೇ, ಕೊರೆದ ಗುಂಡಿಯೊಳಗೆ ಇಳಿಸಿ ನಿಲ್ಲಿಸುತ್ತಾರೆ. ಅದರ ಮೇಲೆ ಛಾವಣಿಯ ಸ್ಲ್ಯಾಬ್. ಛಾವಣಿ ಆದ ಮೇಲೆ ರಸ್ತೆಯನ್ನು ಜನರಿಗೆ ವಾಪಸ್ ಕೊಡಬಹುದು. ಅಡಿಯಲ್ಲಿ ಅಗೆತ ನಡೆಯುತ್ತಿರುತ್ತದೆ, ಮೇಲೆ ಬಸ್ಸು ಓಡುತ್ತಿರುತ್ತದೆ.

ಇದರ ಅರ್ಥ ಏನು ಗೊತ್ತಾ? ಗುಂಡಿಯೇ ಇಲ್ಲದ ಕಾಲಕ್ಕೆ ಕಂಬದ ಜಾಗ ಖಾಯಂ ಆಗಿಬಿಡುತ್ತದೆ. ಇನ್ನೆರಡು ವರ್ಷ ಬಿಟ್ಟು ಹುಟ್ಟುವ ಪ್ಲಾಟ್‌ಫಾರ್ಮಿನಲ್ಲಿ ಕಂಬ ಎಲ್ಲಿ ನಿಂತಿರಬೇಕು ಅಂತ ಇವತ್ತೇ ಹೇಳಬೇಕು.

ನಾನು ಕೆಳಗಿನಿಂದ ಮೇಲಕ್ಕೆ ಬರೆಯಲು ಶುರು ಮಾಡುವ ಹೊತ್ತಿಗೆ ಕಂಬಗಳ ಸಾಲು ಆಗಲೇ ನಿರ್ಧಾರ ಆಗಿತ್ತು. ಅದರಲ್ಲಿ ಒಂದು ಕಂಬ ನಡುವಿನ ಎಸ್ಕಲೇಟರಿನ ಬುಡದಿಂದ ಮೂರೇ ಹೆಜ್ಜೆ ಮುಂದೆ ಬರುತ್ತಿತ್ತು. ನಕ್ಷೆಯಲ್ಲಿ ಅದು ಸಣ್ಣ ಕಪ್ಪು ಚೌಕ, ಏನೂ ಅನ್ನಿಸುವುದಿಲ್ಲ. ಕಣ್ಣಿನ ಎತ್ತರದ ಚಿತ್ರ ಬರೆದಾಗ ಹೆದರಿಕೆ ಆಯಿತು. ಎರಡೂ ಕಡೆಯ ರೈಲಿನಿಂದ ಇಳಿದವರು ಸೇರುವುದು ಅಲ್ಲೇ. ಕೆಳಗಿಳಿಯುವ ಎಸ್ಕಲೇಟರ್ ಜನರನ್ನು ತಂದು ಸುರಿಯುವುದೂ ಅಲ್ಲೇ. ಎಸ್ಕಲೇಟರ್ ನಿಲ್ಲುವುದಿಲ್ಲ, ಅದು ತಳ್ಳುತ್ತಲೇ ಇರುತ್ತದೆ. ಬುಡದಲ್ಲಿ ಒಬ್ಬರು ತಡವರಿಸಿದರೂ ಹಿಂದಿನವರು ಅವರ ಮೇಲೆ ಬೀಳುತ್ತಾರೆ.

ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಹೋದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. "ಸರ್, ಈ ಕಂಬ ತೆಗೆಯಲು ಆಗುತ್ತದಾ?" ಅಂತ ಕೇಳಿದೆ. ಅವರು ಸಿಟ್ಟಾಗಲಿಲ್ಲ. ಪೆನ್ಸಿಲ್ ತೆಗೆದು ತೋರಿಸಿದರು. ಕಂಬ ತೆಗೆದರೆ ಅದರ ಭಾರ ಹೊರಲು ತೊಲೆ ದಪ್ಪ ಆಗಬೇಕು. ತೊಲೆ ದಪ್ಪ ಆದರೆ ಅದರಡಿ ಹೋಗುವ ಗಾಳಿಯ ಡಕ್ಟ್ ಕೆಳಕ್ಕೆ ಬರಬೇಕು. ಡಕ್ಟ್ ಕೆಳಕ್ಕೆ ಬಂದರೆ ಸೀಲಿಂಗ್ ತಗ್ಗುತ್ತದೆ. ಇಲ್ಲವೇ ಇಡೀ ನಿಲ್ದಾಣವನ್ನೇ ಇನ್ನಷ್ಟು ಆಳಕ್ಕೆ ಇಳಿಸಬೇಕು, ಅದರ ಜೊತೆ ಹಳಿಯೂ ಇಳಿಯಬೇಕು, ಸುರಂಗವೂ ಇಳಿಯಬೇಕು. "ಕಂಬ ಬಿಡಿ, ಎಸ್ಕಲೇಟರ್ ಸರಿಸಿ ನೋಡೋಣ" ಅಂದರು. ಕಾನ್‌ಕೋರ್ಸ್ ಅಂದರೆ ಪ್ಲಾಟ್‌ಫಾರ್ಮಿನ ಮೇಲಿನ, ಟಿಕೆಟ್ ಮತ್ತು ಗೇಟು ಇರುವ ಮಹಡಿ. ಅದರ ಸ್ಲ್ಯಾಬಿನಲ್ಲಿ ಎಸ್ಕಲೇಟರಿಗೆ ಬಿಡುವ ತೂತು ಇನ್ನೂ ಹಾಳೆಯ ಮೇಲೇ ಇತ್ತು. ಅದನ್ನು ಕಂಬದಿಂದ ದೂರಕ್ಕೆ ಎಳೆದೆವು. ಅದರಿಂದ ಗೇಟುಗಳ ಸಾಲು ಸರಿಯಿತು, ಎರಡು ಸಿಬ್ಬಂದಿ ಕೋಣೆ ಸಣ್ಣದಾಯಿತು, ಒಂದು ಕೇಬಲ್ ದಾರಿ ಸುತ್ತಿ ಬಂತು. ಆರು ವಾರದ ಕೆಲಸ. ಆ ಆರು ವಾರ ನನ್ನ ಮೇಲೆ ಬೇಸರ ಮಾಡಿಕೊಂಡವರೆಲ್ಲ ಆಮೇಲೆ ಸೈಟಿನಲ್ಲಿ ಆ ಜಾಗ ನೋಡಿ ಒಪ್ಪಿದರು.

ಇನ್ನು ನೀರು. ಹೊಸಬರು ಯಾರೂ ನಂಬುವುದಿಲ್ಲ, ಆದರೆ ಇಷ್ಟು ಭಾರದ ಕಾಂಕ್ರೀಟ್ ಪೆಟ್ಟಿಗೆ ತೇಲಲು ನೋಡುತ್ತದೆ. ಸುತ್ತ ಅಂತರ್ಜಲ ಇದ್ದರೆ ಖಾಲಿ ಪೆಟ್ಟಿಗೆ ದೋಣಿಯ ಹಾಗೆ. ಅದನ್ನು ಹಿಡಿದಿಡಲು ತಳದ ಸ್ಲ್ಯಾಬ್ ಅಷ್ಟು ದಪ್ಪ, ಮೇಲೆ ಅಷ್ಟು ಮಣ್ಣು, ಕೆಲವು ಕಡೆ ಕೆಳಕ್ಕೆ ಎಳೆದು ಹಿಡಿಯುವ ಪೈಲ್‌ಗಳು, ಅಂದರೆ ನೆಲದಾಳಕ್ಕೆ ಇಳಿಸಿದ ಕಂಬಗಳು, ಬೇರೆ. ತೇಲದಂತೆ ಹಿಡಿಯುವುದು ಎಂಜಿನಿಯರ್ ಕೆಲಸ, ಸೋರಿದರೆ ಕಾಣದಂತೆ ಮಾಡುವುದು ನಮ್ಮ ಕೆಲಸ. ಎಷ್ಟೇ ಜಾಗ್ರತೆ ಮಾಡಿದರೂ ಗೋಡೆಯ ತುಂಡುಗಳು ಸೇರುವಲ್ಲಿ ತೇವ ಬರುತ್ತದೆ. ಸಣ್ಣ ತೂತು ಕೊರೆದು ಗ್ರೌಟ್ ಅನ್ನುವ, ಬಿರುಕು ಮುಚ್ಚುವ ಗಂಜಿ ತುಂಬುತ್ತಾರೆ, ಅದು ಅಲ್ಲಿ ನಿಂತು ಪಕ್ಕದಲ್ಲಿ ಜಿನುಗುತ್ತದೆ. ಅದಕ್ಕೇ ನೀವು ಯಾವುದೇ ನೆಲದಡಿಯ ನಿಲ್ದಾಣದಲ್ಲಿ ನೋಡುವ ನುಣುಪಾದ ಗೋಡೆ ನಿಜವಾದ ಗೋಡೆ ಆಗಿರುವುದು ಕಡಿಮೆ. ಅದು ಪ್ಯಾನೆಲ್. ಹಿಂದೆ ಸಂದು ಬಿಟ್ಟಿರುತ್ತಾರೆ, ಸಂದಿನ ತಳದಲ್ಲಿ ಕಾಲುವೆ. ಜಿನುಗಿದ ನೀರು ಸದ್ದಿಲ್ಲದೆ ಅಲ್ಲಿ ಇಳಿದು ಪಂಪಿಗೆ ಹೋಗುತ್ತದೆ. ನಮ್ಮ ಪ್ಯಾನೆಲ್‌ಗಳಲ್ಲಿ ಪ್ರತಿಯೊಂದನ್ನೂ ಒಬ್ಬನೇ ಕೆಲಸಗಾರ ಬಿಚ್ಚಿ ಹಾಕಲು ಆಗಬೇಕು ಅಂತ ನಾವು ಷರತ್ತು ಹಾಕಿದೆವು. ರಿಪೇರಿಗೆ ಸಿಗುವುದು ರಾತ್ರಿ ರೈಲು ನಿಂತ ಮೇಲಿನ ಕೆಲವೇ ಗಂಟೆ, ಅಲ್ವಾ.

ಸುರಂಗ ಯಂತ್ರ ನಮ್ಮ ಪೆಟ್ಟಿಗೆಯ ಗೋಡೆ ಒಡೆದುಕೊಂಡು ಒಳಗೆ ಬಂದ ದಿನ ಮರೆಯುವುದಿಲ್ಲ. ಅದು ಬರುವ ಜಾಗದಲ್ಲಿ ಮಾತ್ರ ಗೋಡೆಯೊಳಗೆ ಉಕ್ಕಿನ ಕಂಬಿ ಇರಲಿಲ್ಲ, ಗಾಜಿನ ನಾರಿನ ಕಂಬಿ ಇತ್ತು. ಉಕ್ಕಾದರೆ ಯಂತ್ರದ ಹಲ್ಲಿಗೆ ಸಿಕ್ಕಿ ಹಾಕಿಕೊಳ್ಳುತ್ತದೆ, ನಾರಾದರೆ ಕತ್ತರಿಸಿಕೊಂಡು ಬರುತ್ತದೆ. ಮೊದಲು ಗೋಡೆಯಲ್ಲಿ ಕೂದಲೆಳೆಯ ಬಿರುಕು. ಆಮೇಲೆ ಧೂಳು. ಆಮೇಲೆ ಇಡೀ ವೃತ್ತವೇ ಕುಸಿದು ಹಿಂದೆ ಆ ತಿರುಗುವ ಮುಖ ಕಾಣಿಸಿತು. ಅಲ್ಲಿದ್ದವರೆಲ್ಲ ಕೂಗಿದರು, ನಾನೂ ಕೂಗಿದೆ.

ಹಳಬರು ಮಾಡಿದ್ದನ್ನು ನೋಡಿ ಕಲಿತದ್ದೂ ತುಂಬಾ ಇದೆ. ಮೊದಲ ನೆಲದಡಿಯ ರೈಲು ಲಂಡನ್ನಿನಲ್ಲಿ 1863ರಲ್ಲಿ ಓಡಿದಾಗ ಎಳೆದದ್ದು ಉಗಿಬಂಡಿ. ಅಂದಿನವರಿಗೆ ಹೊಗೆಯದೇ ಚಿಂತೆ. ವಾಷಿಂಗ್ಟನ್ ಮೆಟ್ರೋ 1976ರಲ್ಲಿ ಶುರುವಾಯಿತು, ಅದರ ನಿಲ್ದಾಣಗಳನ್ನು ಮಾಡಿದವರು ಹ್ಯಾರಿ ವೀಸ್. ಅಲ್ಲಿ ಒಂದೇ ದೊಡ್ಡ ಕಮಾನು, ಕಂಬವೇ ಇಲ್ಲ. ದೀಪದ ಬೆಳಕು ಕಮಾನಿಗೆ ತಾಗಿ ಕೆಳಗೆ ಬರುತ್ತದೆ. ಒಂದು ಕಡೆ ನಿಂತರೆ ಇಡೀ ನಿಲ್ದಾಣ ಕಾಣುತ್ತದೆ. ಲಂಡನ್ನಿನ ಜುಬಿಲಿ ಮಾರ್ಗ 1999ರಲ್ಲಿ ಮುಂದುವರಿದಾಗ ಕ್ಯಾನರಿ ವಾರ್ಫ್ ನಿಲ್ದಾಣವನ್ನು ನಾರ್ಮನ್ ಫಾಸ್ಟರ್ ತಂಡ ಮಾಡಿತು. ಅದರ ದ್ವಾರದ ಮೇಲೆ ಗಾಜಿನ ಬಾಗು ಛಾವಣಿ ಇದೆ. ಎಸ್ಕಲೇಟರಿನ ತುದಿಯಲ್ಲಿ ಹಗಲ ಬೆಳಕು ತುಂಬಿರುತ್ತದೆ. ಹೊರಗೆ ಹೋಗುವ ದಾರಿ ಯಾವುದು ಅಂತ ಬೋರ್ಡು ಓದಬೇಕಿಲ್ಲ, ಕಾಲು ತಾನಾಗೇ ಬೆಳಕಿನ ಕಡೆ ಹೋಗುತ್ತದೆ. ಸ್ಟಾಕ್‌ಹೋಮಿನಲ್ಲಿ ಕೆಲವು ನಿಲ್ದಾಣಗಳ ಬಂಡೆಯನ್ನು ಹಾಗೇ ಬಿಟ್ಟು ಬಣ್ಣ ಬಳಿದಿದ್ದಾರೆ. ಇದು ಯಾವ ನಿಲ್ದಾಣ ಅಂತ ಕಿಟಕಿಯಿಂದಲೇ ಗೊತ್ತಾಗುತ್ತದೆ.

ಅಲ್ಲಿಂದ ನಾನು ಎರಡು ವಿಷಯ ತಂದುಕೊಂಡೆ. ಒಂದು, ಬೆಳಕು ದಾರಿ ತೋರಿಸಬೇಕು. ನಮ್ಮ ನಿಲ್ದಾಣ ಆಳದ್ದು, ಬಿಸಿಲು ಪ್ಲಾಟ್‌ಫಾರ್ಮಿಗೆ ಬರುವ ಹಾಗಿರಲಿಲ್ಲ. ಆದರೆ ಕಾನ್‌ಕೋರ್ಸಿಗೆ ತರಬಹುದಿತ್ತು. ಒಂದು ದ್ವಾರದ ಮೇಲೆ ಗಾಜಿನ ಛಾವಣಿ ಮಾಡಿ, ಎದುರಿನ ಗೋಡೆಗೆ ತಿಳಿ ಬಣ್ಣ ಕೊಟ್ಟು, ಬೆಳಕು ಮೆಟ್ಟಿಲುದ್ದಕ್ಕೂ ಇಳಿಯುವ ಹಾಗೆ ಮಾಡಿದೆವು. ಪ್ಲಾಟ್‌ಫಾರ್ಮಿನಲ್ಲಿ ದೀಪ ಎಲ್ಲ ಕಡೆ ಒಂದೇ ಸಮ ಇಡಲಿಲ್ಲ. ಮೇಲೆ ಹೋಗುವ ಜಾಗದಲ್ಲಿ ಜಾಸ್ತಿ, ಎರಡು ತುದಿಗಳಲ್ಲಿ ಸ್ವಲ್ಪ ಕಡಿಮೆ. ಎರಡನೆಯದು, ಕಣ್ಣಿಗೆ ಅಡ್ಡ ಬರುವುದೆಲ್ಲ ಹೋಗಬೇಕು. ಇದು ಹೇಳಿದಷ್ಟು ಸುಲಭ ಅಲ್ಲ. ನಿಲ್ದಾಣದ ಸುಮಾರು ಅರ್ಧ ಜಾಗ ಪ್ರಯಾಣಿಕರು ನೋಡದ ಕೋಣೆಗಳಿಗೆ ಹೋಗುತ್ತದೆ. ಎರಡೂ ತುದಿಯಲ್ಲಿ ಸುರಂಗದ ಗಾಳಿ ಎಳೆಯುವ ದೊಡ್ಡ ಫ್ಯಾನ್‌ಗಳು, ಕರೆಂಟಿನ ಕೋಣೆ, ಸಿಗ್ನಲ್ ಕೋಣೆ, ಬ್ಯಾಟರಿ, ಪಂಪು, ಬೆಂಕಿ ಆರಿಸುವ ನೀರಿನ ತೊಟ್ಟಿ. ಅವೆಲ್ಲದರ ಪೈಪು, ತಂತಿ, ಡಕ್ಟು ಸೀಲಿಂಗಿನ ಮೇಲೆ ಒಂದರ ಮೇಲೊಂದು ಬಂದು ಕೂರುತ್ತವೆ. ಪ್ರತಿ ವಿಭಾಗಕ್ಕೂ ತನ್ನದು ಇಲ್ಲೇ ಹೋಗಬೇಕು ಅಂತ. ನಾವು ವಾರಕ್ಕೊಂದು ದಿನ ಎಲ್ಲರನ್ನೂ ಒಂದೇ ಪರದೆಯ ಮುಂದೆ ಕೂರಿಸಿ, ಎಲ್ಲಿ ಏನು ಗುದ್ದುತ್ತದೆ ಅಂತ ನೋಡಿ ಒಂದೊಂದಾಗಿ ಬಿಡಿಸುತ್ತಿದ್ದೆವು. ಸೂಚನಾ ಫಲಕದ ಮುಂದೆ ಒಂದು ಸಿಸಿಟಿವಿ ಕ್ಯಾಮೆರಾ ಬಂದು ಕೂತರೂ ಸಾಕು, ಫಲಕ ಇದ್ದೂ ಇಲ್ಲದ ಹಾಗೆ.

ಬೆಂಕಿಯ ವಿಷಯ ಬಂದಾಗ ಮಾತ್ರ ಆ ಸಭೆಯಲ್ಲಿ ಯಾರೂ ಪಟ್ಟು ಹಿಡಿಯುತ್ತಿರಲಿಲ್ಲ. 1987ರ ನವೆಂಬರಿನಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ಮರದ ಎಸ್ಕಲೇಟರಿನ ಅಡಿ ಹತ್ತಿದ ಕಿಡಿ 31 ಜನರನ್ನು ಬಲಿ ತೆಗೆದುಕೊಂಡಿತು. ಓರೆಯಾದ ಎಸ್ಕಲೇಟರ್ ದಾರಿಯಲ್ಲಿ ಜ್ವಾಲೆ ಮೇಲಕ್ಕೆ ನಿಲ್ಲದೆ, ಮೆಟ್ಟಿಲಿಗೆ ಅಂಟಿಕೊಂಡೇ ಮೇಲೇರಿ ಒಮ್ಮೆಲೇ ಟಿಕೆಟ್ ಹಾಲಿಗೆ ನುಗ್ಗಿತು ಅಂತ ಆಮೇಲಿನ ತನಿಖೆಯಲ್ಲಿ ಗೊತ್ತಾಯಿತು. 2003ರಲ್ಲಿ ದಕ್ಷಿಣ ಕೊರಿಯಾದ ಡೇಗು ನಗರದಲ್ಲಿ ಒಬ್ಬ ರೈಲಿನೊಳಗೆ ಬೆಂಕಿ ಇಟ್ಟ. 192 ಜನ ಸತ್ತರು. ಈಗ ಜಗತ್ತಿನ ಬಹಳ ಕಡೆ ಅನುಸರಿಸುವ ಎನ್‌ಎಫ್‌ಪಿಎ 130 ಅನ್ನುವ, ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯೊಂದರ ನಿಯಮದ ಪ್ರಕಾರ, ಪ್ಲಾಟ್‌ಫಾರ್ಮಿನಲ್ಲಿ ಇರುವವರೆಲ್ಲ 4 ನಿಮಿಷದಲ್ಲಿ ಅಲ್ಲಿಂದ ಹೊರಡಬೇಕು, 6 ನಿಮಿಷದಲ್ಲಿ ಸುರಕ್ಷಿತ ಜಾಗ ಸೇರಬೇಕು. ನಮ್ಮ ಮೆಟ್ಟಿಲಿನ ಅಗಲ, ಮೆಟ್ಟಿಲುಗಳ ಸಂಖ್ಯೆ, ಅವುಗಳ ನಡುವಿನ ದೂರ ಎಲ್ಲವೂ ಈ ಎರಡು ಅಂಕಿಗಳಿಂದ ಹುಟ್ಟಿದವು. ಲೆಕ್ಕ ಹಾಕುವಾಗ ಒಂದು ಎಸ್ಕಲೇಟರ್ ಕೆಟ್ಟು ನಿಂತಿದೆ ಅಂತಲೇ ಹಿಡಿಯಬೇಕು. ಪ್ಲಾಟ್‌ಫಾರ್ಮಿನ ತುದಿಗೆ ಒಂದು ಮೆಟ್ಟಿಲು ಯಾಕೆ, ಅಲ್ಲಿ ಯಾರೂ ಹೋಗುವುದಿಲ್ಲವಲ್ಲ ಅಂತ ಕೆಲವರು ಕೇಳುತ್ತಾರೆ. ಅದು ಆ ಒಂದು ದಿನಕ್ಕೆ.

ತೆರೆಯುವ ಕೆಲವು ತಿಂಗಳ ಮುಂಚೆ ಹೊಗೆಯ ಪರೀಕ್ಷೆ ಮಾಡಿದೆವು. ರಾತ್ರಿ, ಖಾಲಿ ನಿಲ್ದಾಣ. ಪ್ಲಾಟ್‌ಫಾರ್ಮಿನ ಒಂದು ಕಡೆ ಬಿಸಿ ಹೊಗೆ ಬಿಟ್ಟರು. ಬಿಳಿ ಹೊಗೆ ಮೊದಲು ಸೀಲಿಂಗಿಗೆ ಹೋಗಿ ಹಾಸಿಕೊಂಡಿತು. ಆಮೇಲೆ ನಿಧಾನವಾಗಿ ಕೆಳಕ್ಕೆ ಬರತೊಡಗಿತು. ಮೊದಲು ಮೇಲಿನ ಫಲಕಗಳು ಮಾಯವಾದವು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಫ್ಯಾನ್ ಶುರುವಾಯಿತು, ಬೆನ್ನಿಗೆ ತಣ್ಣಗೆ ಗಾಳಿ ತಾಗಿತು, ಹೊಗೆಯ ಅಂಚು ನಿಂತಿತು, ಮೆಲ್ಲಗೆ ಹಿಂದಕ್ಕೆ ಸರಿಯಿತು. ಮೆಟ್ಟಿಲ ದಾರಿ ಕೊನೆಯವರೆಗೂ ತಿಳಿಯಾಗಿ ಉಳಿಯಿತು. ಆದರೆ ಆ ರಾತ್ರಿ ನಾನು ನೋಡಿದ್ದು ಇನ್ನೊಂದು. ಮೇಲೆ ನೇತುಹಾಕಿದ ಫಲಕ ಹೊಗೆಯಲ್ಲಿ ಮೊದಲು ಹೋಗುತ್ತದೆ. ನೆಲದ ಹತ್ತಿರದ ಗುರುತು ಕೊನೆಗೆ ಹೋಗುತ್ತದೆ. ಮಾರನೆಯ ದಿನವೇ ಗೋಡೆಯ ಬುಡದಲ್ಲಿ ಕತ್ತಲಲ್ಲೂ ಹೊಳೆಯುವ ಪಟ್ಟಿಗಳನ್ನು ಹೆಚ್ಚಿಸಲು ಬರೆದುಕೊಟ್ಟೆ.

ನೆಲದ ಕಲ್ಲು, ಸದ್ದು, ಇವುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಪಾಲಿಶ್ ಮಾಡಿದ ಗ್ರಾನೈಟ್ ಫೋಟೋದಲ್ಲಿ ಚೆಂದ, ಮಳೆಯಲ್ಲಿ ನೆನೆದ ಚಪ್ಪಲಿ ಅದರ ಮೇಲೆ ಜಾರುತ್ತದೆ. ನಾವು ಉರಿ ತಾಗಿಸಿ ಒರಟು ಮಾಡಿದ ಕಲ್ಲು ಹಾಕಿದೆವು, ಹಾಕುವ ಮೊದಲು ನೀರು ಸುರಿದು ಅದರ ಮೇಲೆ ನಾವೇ ನಡೆದು ನೋಡಿದೆವು. ಸದ್ದಿನ ಕಥೆ ಬೇರೆ. ಕಲ್ಲು, ಗಾಜು, ಲೋಹ ಯಾವುದೂ ಸದ್ದು ಹೀರುವುದಿಲ್ಲ. ಬಾವಿಯಲ್ಲಿ ಕೂಗಿದ ಹಾಗೆ ಪ್ರಕಟಣೆಯ ಒಂದು ಪದ ಇನ್ನೊಂದರ ಮೇಲೆ ಬೀಳುತ್ತದೆ. ಸೀಲಿಂಗಿನ ಪಟ್ಟಿಗಳಲ್ಲಿ ಸಣ್ಣ ತೂತು ಮಾಡಿಸಿ, ಹಿಂದೆ ಸದ್ದು ಹೀರುವ ಹಾಸು ಇಟ್ಟ ಮೇಲೆ ಮಾತು ಬಿಡಿಬಿಡಿಯಾಗಿ ಕೇಳತೊಡಗಿತು. ಕಣ್ಣು ಕಾಣದವರಿಗೆ ನಿಲ್ದಾಣ ಅಂದರೆ ಕಿವಿ ಮತ್ತು ಕಾಲು.

ಕಾಲಿನ ಕೆಳಗಿನ ಆ ಹಳದಿ ಉಬ್ಬು ಹಾಸನ್ನು ನೀವು ನೋಡಿರುತ್ತೀರಿ. ಅದನ್ನು ಕಂಡುಹಿಡಿದವರು ಜಪಾನಿನ ಸೆಯಿಚಿ ಮಿಯಾಕೆ, 1965ರಲ್ಲಿ. ಮೊದಲು ಹಾಕಿದ್ದು 1967ರಲ್ಲಿ ಒಕಾಯಾಮಾ ನಗರದ ಒಂದು ರಸ್ತೆಯಲ್ಲಿ. ಉದ್ದ ಗೆರೆ ಅಂದರೆ ಮುಂದೆ ನಡೆಯಿರಿ, ಗುಂಡು ಚುಕ್ಕೆ ಅಂದರೆ ನಿಲ್ಲಿ, ಇಲ್ಲೇನೋ ಬದಲಾಗುತ್ತದೆ. ನಮ್ಮ ನಿಲ್ದಾಣದಲ್ಲೂ ರೈಲಿನ ಬಾಗಿಲಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಗೇಟಿಗೆ, ಗೇಟಿನಿಂದ ಬೀದಿಗೆ ಒಂದೂ ತುಂಡಾಗದ ಹಾಗೆ ಈ ಗೆರೆ ಎಳೆದಿದ್ದೆ. ಕಣ್ಣು ಮುಚ್ಚಿಕೊಂಡು ಕೋಲು ಹಿಡಿದು ನಾನೇ ಎರಡು ಸಲ ನಡೆದಿದ್ದೆ. ನಿಲ್ದಾಣದಲ್ಲಿ ನನಗೆ ಎಲ್ಲಕ್ಕಿಂತ ಹೆಮ್ಮೆ ಇದ್ದದ್ದು ಆ ಗೆರೆಯ ಬಗ್ಗೆಯೇ.

ತೆರೆದ ದಿನ ಬೆಳಗ್ಗೆ ಮೊದಲ ಒಂದು ಗಂಟೆ ನನ್ನ ನಕ್ಷೆಯಲ್ಲಿ ಚುಕ್ಕೆಗಳು ಕಡಿಮೆ ಇದ್ದವು. ಬಾಗಿಲು ತೆರೆದರೆ ಜನ ಇಳಿದರು, ತಲೆ ಎತ್ತಿದರು, ಬೆಳಕಿನ ಕಡೆ ನಡೆದರು. ಎಸ್ಕಲೇಟರಿನ ಬುಡದಲ್ಲಿ ಯಾರೂ ನಿಲ್ಲಲಿಲ್ಲ. ಕಂಬ ದೂರದಲ್ಲಿ ತನ್ನ ಪಾಡಿಗೆ ಇತ್ತು, ಅದಕ್ಕೊರಗಿ ಒಬ್ಬ ಹುಡುಗ ಫೋನ್ ನೋಡುತ್ತಿದ್ದ. ಫೋಟೋ ತೆಗೆಯುವವರು ನಿಲ್ಲುತ್ತಿದ್ದರು, ಅದನ್ನು ನಾನು ಚುಕ್ಕೆಗೆ ಸೇರಿಸಲಿಲ್ಲ.

ಆಮೇಲೆ ಕಾನ್‌ಕೋರ್ಸಿಗೆ ಹೋದೆ. ಅಲ್ಲಿ ಗೇಟಿನ ಹೊರಗೆ ಒಂದೇ ಜಾಗದಲ್ಲಿ ಚುಕ್ಕೆಯ ಮೇಲೆ ಚುಕ್ಕೆ ಬಿತ್ತು. ಅಲ್ಲಿ ಎರಡು ಟಿಕೆಟ್ ಯಂತ್ರ ಇದ್ದವು. ಕೊನೆಯ ವಾರ ಒಳಗೆ ತಂದು ಕೂರಿಸಿದ್ದು. ನಕ್ಷೆಯಲ್ಲಿ ಯಂತ್ರಕ್ಕೆ ಜಾಗ ಸರಿಯಾಗೇ ಇತ್ತು, ಗೆರೆಯಿಂದ ಸಾಕಷ್ಟು ದೂರ. ಆದರೆ ಯಂತ್ರದ ಮುಂದೆ ಕ್ಯೂ ನಿಲ್ಲುತ್ತದೆ. ಕ್ಯೂ ಬೆಳೆದು ಬೆಳೆದು ಹಳದಿ ಗೆರೆಯ ಮೇಲೇ ಬಂದಿತ್ತು. ಬಿಳಿ ಕೋಲು ಹಿಡಿದ ಒಬ್ಬ ಮಧ್ಯವಯಸ್ಸಿನವರು ಗೇಟು ದಾಟಿ, ಗೆರೆ ಹಿಡಿದು ಸರಾಗವಾಗಿ ಬಂದರು. ಕ್ಯೂನಲ್ಲಿ ನಿಂತವರ ಕಾಲಿಗೆ ಕೋಲು ತಾಗಿತು. ನಿಂತರು. ಜನ ಪಾಪ ಸರಿದು ದಾರಿ ಬಿಟ್ಟರು. ಆದರೆ ಜನ ಸರಿಯುವಾಗ ಕೋಲು ಹಿಡಿದವರು ಒಂದು ಹೆಜ್ಜೆ ಪಕ್ಕಕ್ಕೆ ಹೋದರು, ಗೆರೆ ತಪ್ಪಿತು. ಕೋಲಿನಿಂದ ನೆಲ ತಡವುತ್ತಾ ಸುಮಾರು ಹೊತ್ತು ಹುಡುಕಿದರು.

ನಾನು ಹೋಗಿ, "ಸರ್, ಗೆರೆ ನಿಮ್ಮ ಎಡಗಡೆ ಇದೆ, ಒಂದೇ ಹೆಜ್ಜೆ" ಅಂದೆ. ಸಿಕ್ಕಿತು. "ಚೆನ್ನಾಗಿ ಹಾಕಿದ್ದಾರಮ್ಮ, ಬಾಗಿಲಿನಿಂದ ಇಲ್ಲಿವರೆಗೂ ಯಾರನ್ನೂ ಕೇಳಲಿಲ್ಲ" ಅಂದರು. ನನಗೆ ಗಂಟಲು ಕಟ್ಟಿತು. 'ಇಲ್ಲಿವರೆಗೂ' ಅಂದದ್ದೇ ಕಿವಿಯಲ್ಲಿ ಉಳಿಯಿತು.

ಅವತ್ತು ರಾತ್ರಿ ಕೊನೆಯ ರೈಲು ಹೋದ ಮೇಲೆ ಯಂತ್ರದವರು, ಕರೆಂಟಿನವರು, ನಾನು ಸೇರಿದೆವು. ಯಂತ್ರ ಸರಿಸುವುದು ಸುಮ್ನೆ ತಳ್ಳಿದಂತಲ್ಲ, ತಂತಿ ನೆಲದೊಳಗಿಂದ ಬರುತ್ತದೆ. ಆ ರಾತ್ರಿಗೆ ಆಗುವುದು ಒಂದೇ ಇತ್ತು, ಕ್ಯೂ ತಿರುಗಿಸುವುದು. ಬೆಲ್ಟ್ ಕಟ್ಟುವ ಕಂಬಿಗಳನ್ನು ತಂದು, ಕ್ಯೂ ಗೋಡೆಯ ಪಕ್ಕದಲ್ಲೇ ಉದ್ದಕ್ಕೆ ಹೋಗುವ ಹಾಗೆ ನಿಲ್ಲಿಸಿದೆವು. ನೆಲದ ಮೇಲೆ ಬಿಳಿ ಟೇಪು ಹಚ್ಚಿ ನಿಲ್ಲುವ ಜಾಗ ಗುರುತು ಮಾಡಿದೆವು. ಬೆಳಗ್ಗೆ ಹೊತ್ತಿಗೆ ಗೆರೆ ಖಾಲಿ ಇತ್ತು. ಯಂತ್ರಗಳನ್ನೇ ಇನ್ನೊಂದು ಗೋಡೆಗೆ ಹಾಕಲು ಮತ್ತೆ ಎರಡು ತಿಂಗಳು ಬೇಕಾಯಿತು.

ಈಗ ಇನ್ನೊಂದು ನಿಲ್ದಾಣದ ಹಾಳೆ ಮೇಜಿನ ಮೇಲಿದೆ. ಅದರ ಕಂಬಗಳು ಇನ್ನೂ ನಿರ್ಧಾರ ಆಗಿಲ್ಲ. ಟಿಕೆಟ್ ಯಂತ್ರದ ಜಾಗವೂ ಖಾಲಿ ಇದೆ. ಅಲ್ಲಿ ಸದ್ಯಕ್ಕೆ ಕ್ಯೂ ಮಾತ್ರ ಬರೆದಿದ್ದೇನೆ, ಪೆನ್ಸಿಲಿನಲ್ಲಿ, ಹನ್ನೆರಡು ಜನ ಒಬ್ಬರ ಹಿಂದೆ ಒಬ್ಬರು, ಪಕ್ಕದಲ್ಲಿ ಹಳದಿ ಗೆರೆ.